ಐವತ್ತೊಂಬತ್ತು ಹಲ್ಲಿನ ಚಂದ್ರ

ಕೆಲವು ಕೈಗಡಿಯಾರಗಳ ಡಯಲಿನಲ್ಲಿ, ಹೆಚ್ಚಾಗಿ ಆರರ ಅಂಕೆ ಇರಬೇಕಾದ ಜಾಗದಲ್ಲಿ, ಒಂದು ಪುಟ್ಟ ಕಿಟಕಿ ಇರುತ್ತದೆ. ಕಿಟಕಿಯ ಹಿಂದೆ ಕಡುನೀಲಿ ಆಕಾಶ, ಒಂದಷ್ಟು ಚುಕ್ಕಿಗಳು, ಜೊತೆಗೆ ಬಂಗಾರದ ಬಣ್ಣದ ಚಂದ್ರ. ಅಮಾವಾಸ್ಯೆಯ ದಿನ ಆ ಚಂದ್ರ ಮರೆಯಲ್ಲಿರುತ್ತಾನೆ. ಬಿದಿಗೆ ತದಿಗೆಯ ಹೊತ್ತಿಗೆ ಎಡಗಡೆಯಿಂದ ಇಣುಕುತ್ತಾನೆ, ಹುಣ್ಣಿಮೆಗೆ ಕಿಟಕಿಯ ನಟ್ಟನಡುವೆ ಬರುತ್ತಾನೆ, ಆಮೇಲೆ ಬಲಕ್ಕೆ ಸರಿಯುತ್ತ ಮತ್ತೆ ಮರೆಯಾಗುತ್ತಾನೆ. ವಾಚು ಅಂಗಡಿಯವರು ಇದನ್ನು ಮೂನ್‌ಫೇಸ್ ಎನ್ನುತ್ತಾರೆ. ಗಂಟೆ, ನಿಮಿಷ, ತಾರೀಕು ಹೇಳುವ ಯಂತ್ರದಲ್ಲಿ ಈ ಚಂದ್ರನಿಗೇನು ಕೆಲಸ ಎಂದು ಕೇಳಿದರೆ ಎರಡು ಬಗೆಯ ಉತ್ತರ ಸಿಗುತ್ತದೆ. ಇದೆಲ್ಲ ಬರೀ ಶೋಕಿ, ದುಡ್ಡು ಹೆಚ್ಚಾದವರ ಅಲಂಕಾರ ಎನ್ನುವವರು ಒಂದು ಕಡೆ. ನಮ್ಮ ಚಂದ್ರ 122 ವರ್ಷಕ್ಕೆ ಒಂದೇ ಒಂದು ದಿನ ತಪ್ಪುತ್ತಾನೆ, ನಮ್ಮವನು ಲಕ್ಷಾಂತರ ವರ್ಷಕ್ಕೆ ಒಂದು ದಿನ ತಪ್ಪುತ್ತಾನೆ ಎಂದು ಪೈಪೋಟಿಗೆ ಬಿದ್ದಿರುವ ಕಂಪನಿಗಳೂ ಅವುಗಳ ಅಭಿಮಾನಿಗಳೂ ಇನ್ನೊಂದು ಕಡೆ. ಇಬ್ಬರ ಮಾತೂ ಪೂರ್ತಿ ಸರಿಯಿಲ್ಲ ಎಂಬುದು ನನ್ನ ವಾದ. ಈ ಕಿಟಕಿಗೆ ನಿಜವಾದ ಉಪಯೋಗವಿದೆ. ಆದರೆ ಅದು ಸ್ಥೂಲ ಲೆಕ್ಕದ ಉಪಯೋಗ, ಒಂದು ದಿನ ಆಚೀಚೆಯಾದರೂ ಕೆಡದಂಥದ್ದು. ಹಾಗಾಗಿ ಎಲ್ಲಕ್ಕಿಂತ ಸರಳವಾದ, ಎಲ್ಲಕ್ಕಿಂತ ಅಗ್ಗವಾದ ಚಂದ್ರನೇ ಅದಕ್ಕೆ ಸಾಕು.

ಮೊದಲು ಯಂತ್ರವನ್ನು ಹತ್ತಿರದಿಂದ ನೋಡೋಣ. ಕಿಟಕಿಯಲ್ಲಿ ನಮಗೆ ಕಾಣುವುದು ಒಬ್ಬನೇ ಚಂದ್ರನಾದರೂ ಒಳಗಿನ ಬಿಲ್ಲೆಯ ಮೇಲೆ ಇಬ್ಬರು ಚಂದ್ರರಿರುತ್ತಾರೆ, ಒಬ್ಬನಿಗೆ ಎದುರಾಗಿ ಇನ್ನೊಬ್ಬ. ಬಿಲ್ಲೆಯ ಅಂಚಿಗೆ 59 ಹಲ್ಲುಗಳು. ಗಂಟೆ ಮುಳ್ಳಿನ ಗಾಲಿಗೆ ಜೋಡಿಸಿದ ಇನ್ನೊಂದು ಗಾಲಿ ದಿನಕ್ಕೆ ಒಂದು ಸುತ್ತು ಬರುತ್ತದೆ. ಅದರ ಮೈಮೇಲಿನ ಸಣ್ಣ ಕೊಕ್ಕೆ ದಿನಕ್ಕೊಮ್ಮೆ ಬಿಲ್ಲೆಯ ಒಂದು ಹಲ್ಲನ್ನು ಮುಂದಕ್ಕೆ ತಳ್ಳುತ್ತದೆ. ಐವತ್ತೊಂಬತ್ತು ದಿನಕ್ಕೆ ಬಿಲ್ಲೆ ಒಂದು ಸುತ್ತು ಮುಗಿಸುತ್ತದೆ, ಅಷ್ಟರಲ್ಲಿ ಇಬ್ಬರು ಚಂದ್ರರೂ ತಮ್ಮ ಸರದಿ ಮುಗಿಸಿರುತ್ತಾರೆ. ಅಂದರೆ ಒಬ್ಬೊಬ್ಬ ಚಂದ್ರನಿಗೆ ಇಪ್ಪತ್ತೊಂಬತ್ತೂವರೆ ದಿನ. ಆಕಾಶದಲ್ಲಿ ಒಂದು ಅಮಾವಾಸ್ಯೆಯಿಂದ ಇನ್ನೊಂದು ಅಮಾವಾಸ್ಯೆಗೆ ಸರಾಸರಿ 29 ದಿನ 12 ಗಂಟೆ 44 ನಿಮಿಷ 3 ಸೆಕೆಂಡು. ಹನ್ನೆರಡು ಗಂಟೆಯವರೆಗಿನ ಲೆಕ್ಕ ಕೂಡಿಬಂತು, ಉಳಿದ 44 ನಿಮಿಷ ಯಂತ್ರದ ಕೈಗೆ ಸಿಗಲಿಲ್ಲ. ಈ ಉಳಿಕೆ ತಿಂಗಳು ತಿಂಗಳು ಸೇರುತ್ತ ಹೋಗಿ ಸುಮಾರು ಎರಡು ವರ್ಷ ಏಳೂವರೆ ತಿಂಗಳಿಗೆ ಒಂದು ಇಡೀ ದಿನವಾಗುತ್ತದೆ. ಆಗ ಕಡ್ಡಿ ತೆಗೆದುಕೊಂಡು ಒಂದು ಗುಂಡಿ ಒತ್ತಿದರೆ ಚಂದ್ರ ಮತ್ತೆ ಸರಿಯಾದ. ಇಡೀ ವ್ಯವಸ್ಥೆ ಇಷ್ಟೇ.

ಈ ಐವತ್ತೊಂಬತ್ತರ ಲೆಕ್ಕ ಸ್ವಿಟ್ಜರ್ಲೆಂಡಿನವರು ಹುಡುಕಿದ್ದಲ್ಲ, ಗಡಿಯಾರಕ್ಕಿಂತ ಹಳೆಯದು. ಲಂಡನ್ನಿನ ಸೈನ್ಸ್ ಮ್ಯೂಸಿಯಂ 1983ರಲ್ಲಿ ಹಿತ್ತಾಳೆಯ ನಾಲ್ಕು ತುಣುಕುಗಳನ್ನು ಕೊಂಡುಕೊಂಡಿತು. ಸುಮಾರು ಆರನೆಯ ಶತಮಾನದ, ಬೈಜಾಂಟಿಯನ್ ಸಾಮ್ರಾಜ್ಯದ ಒಂದು ಉಪಕರಣದ ತುಣುಕುಗಳು ಅವು. ಕೈಯಲ್ಲಿ ಹಿಡಿದು ಒಯ್ಯಬಹುದಾದ ನೆರಳುಗಡಿಯಾರ, ಅದರ ಬೆನ್ನಿಗೆ ಹಲ್ಲುಗಾಲಿಗಳಿಂದ ನಡೆಯುವ ಕ್ಯಾಲೆಂಡರು. ಒಡೆಯನು ದಿನಕ್ಕೊಮ್ಮೆ ವಾರದ ಗಾಲಿಯನ್ನು ಕೈಯಿಂದ ತಿರುಗಿಸಿದರೆ ಚಂದ್ರನ ವಯಸ್ಸು ತಾನಾಗಿ ಮುಂದೆ ಹೋಗುತ್ತಿತ್ತು. ಅದರಲ್ಲೂ 59 ಹಲ್ಲಿನ ಗಾಲಿ ಇದೆ. ಸಾವಿರದ ಆಸುಪಾಸಿನಲ್ಲಿ ಬದುಕಿದ್ದ, ಭಾರತದ ಬಗ್ಗೆ ದೊಡ್ಡ ಗ್ರಂಥ ಬರೆದ ಅಲ್‌ಬಿರೂನಿ ಇಂಥದೇ ಚಂದ್ರಪೆಟ್ಟಿಗೆಯ ರಚನೆಯನ್ನು ಹಲ್ಲುಗಳ ಎಣಿಕೆ ಸಮೇತ ಬರೆದಿಟ್ಟಿದ್ದಾನೆ, ಅಲ್ಲಿಯೂ 59. ಅವನು ವಿವರಿಸಿದಂಥ ಯಂತ್ರವೊಂದು ಇಸ್ಫಹಾನಿನಲ್ಲಿ 1221ರ ಸುಮಾರಿಗೆ ತಯಾರಾದ ಅಸ್ಟ್ರೋಲೇಬ್ ಒಂದರ ಒಳಗೆ ಉಳಿದುಕೊಂಡು ಬಂದಿದೆ, ಈಗ ಆಕ್ಸ್‌ಫರ್ಡಿನಲ್ಲಿದೆ. ಅದರ ಬೆನ್ನಿನಲ್ಲಿ ಒಂದು ದುಂಡನೆಯ ಕಿಂಡಿ; ಕಿಂಡಿಯಲ್ಲಿ ಚಂದ್ರ ಬೆಳೆಯುತ್ತಾನೆ, ಕರಗುತ್ತಾನೆ. ಇವತ್ತಿನ ಕೈಗಡಿಯಾರದ ಕಿಟಕಿಗೆ ಅದೇ ಮೂಲರೂಪ ಎಂದರೆ ಅತಿಶಯೋಕ್ತಿಯಾಗದು.

ಇವೆಲ್ಲಕ್ಕೂ ಹಿಂದಿನದು ಆಂಟಿಕಿಥೆರಾ ಯಂತ್ರ. ಗ್ರೀಸಿನ ಆ ಹೆಸರಿನ ದ್ವೀಪದ ಬಳಿ ಮುಳುಗಿದ್ದ ಹಡಗನ್ನು 1900ರಲ್ಲಿ ಸ್ಪಂಜು ತೆಗೆಯುವ ಮುಳುಗುಗಾರರು ಕಂಡರು. ಅಲ್ಲಿಂದ ಮೇಲೆ ಬಂದ, ತುಕ್ಕು ಹಿಡಿದು ಗಂಟಾಗಿದ್ದ ಕಂಚಿನ ಮುದ್ದೆಯೊಳಗೆ ಹಲ್ಲುಗಾಲಿಗಳ ಸರಣಿಯೇ ಇತ್ತು. ಕ್ರಿಸ್ತಪೂರ್ವ ಎರಡನೆಯ ಅಥವಾ ಒಂದನೆಯ ಶತಮಾನದ್ದು, ಈಗ ಅಥೆನ್ಸಿನ ಪುರಾತತ್ತ್ವ ಸಂಗ್ರಹಾಲಯದಲ್ಲಿದೆ. ಹತ್ತೊಂಬತ್ತು ಸೌರವರ್ಷಕ್ಕೆ 235 ಚಾಂದ್ರಮಾಸ ಎಂಬ ಲೆಕ್ಕದ ಮೇಲೆ ಅದರ ಗಾಲಿಗಳು ಓಡುತ್ತವೆ. ಮುಂಭಾಗದಲ್ಲಿ ಅರ್ಧ ಬಿಳಿ, ಅರ್ಧ ಕಪ್ಪಾದ ಒಂದು ಪುಟ್ಟ ಗುಂಡು ತಿರುಗುತ್ತ ಚಂದ್ರಕಲೆ ತೋರಿಸುತ್ತಿತ್ತು. ನನ್ನ ವಾದಕ್ಕೆ ಮುಖ್ಯವಾದದ್ದು ಇನ್ನೊಂದಿದೆ. ಚಂದ್ರ ಆಕಾಶದಲ್ಲಿ ಒಂದೇ ವೇಗದಲ್ಲಿ ಹೋಗುವುದಿಲ್ಲ. ಅವನ ದಾರಿ ದೀರ್ಘವೃತ್ತ. ಭೂಮಿಗೆ ಹತ್ತಿರ ಬಂದಾಗ ಬೇಗ ಸಾಗುತ್ತಾನೆ, ದೂರವಿದ್ದಾಗ ನಿಧಾನವಾಗುತ್ತಾನೆ. ಆಂಟಿಕಿಥೆರಾ ಯಂತ್ರದ ಕುಶಲಕರ್ಮಿಗೆ ಈ ವೇಗದ ಏರುಪೇರು ಗೊತ್ತಿತ್ತು. ಒಂದರ ಮೇಲೊಂದು, ಆದರೆ ನಡುಬಿಂದು ತುಸು ತಪ್ಪಿಸಿ ಎರಡು ಗಾಲಿ ಕೂಡಿಸಿ, ಒಂದರ ಮೊಳೆ ಇನ್ನೊಂದರ ಸೀಳಿನಲ್ಲಿ ಜಾರುವಂತೆ ಮಾಡಿ, ಚಂದ್ರನ ಏರುಪೇರಿನ ನಡಿಗೆಯನ್ನು ಅವನು ಕಂಚಿನಲ್ಲಿ ಕಡೆದಿದ್ದ. ಇಂದಿನ ದುಬಾರಿ ಕೈಗಡಿಯಾರಗಳು ಸಾಮಾನ್ಯವಾಗಿ ತೋರಿಸುವುದು ಒಂದೇ ವೇಗದಲ್ಲಿ ನಡೆಯುವ ಸರಾಸರಿ ಚಂದ್ರನನ್ನು. ಎರಡು ಸಾವಿರ ವರ್ಷದ ಹಿಂದಿನ ಯಂತ್ರ ಅದಕ್ಕಿಂತ ಒಂದು ಹೆಜ್ಜೆ ಮುಂದಿತ್ತು ಎಂಬುದನ್ನು ನೆನಪಿಟ್ಟುಕೊಳ್ಳಿ, ಇದಕ್ಕೆ ಮತ್ತೆ ಬರುತ್ತೇನೆ.

ಯುರೋಪಿನಲ್ಲಿ ದೊಡ್ಡ ಗಡಿಯಾರಗಳು ಬಂದಾಗ ಚಂದ್ರ ಅವುಗಳ ಜೊತೆಗೇ ಬಂದ. ಇಂಗ್ಲೆಂಡಿನ ವೆಲ್ಸ್ ಚರ್ಚಿನ ಗಡಿಯಾರ ಸುಮಾರು 1390ರದು, ಪ್ರಾಗ್ ನಗರದ ಪುರಭವನದ ಗಡಿಯಾರ 1410ರದು, ಎರಡರಲ್ಲೂ ಚಂದ್ರನಿದ್ದಾನೆ. ನಿಮಿಷದ ಮುಳ್ಳು ಗಡಿಯಾರಗಳಲ್ಲಿ ಸಾಮಾನ್ಯವಾದದ್ದು ಇದಾಗಿ ಎಷ್ಟೋ ಕಾಲದ ಮೇಲೆ. ಜನಕ್ಕೆ ನಿಮಿಷಕ್ಕಿಂತ ಮೊದಲು ಚಂದ್ರ ಬೇಕಾಗಿದ್ದ! ಯಾಕೆ ಎನ್ನುವುದಕ್ಕೆ ಲಂಡನ್ ಬಳಿಯ ಹ್ಯಾಂಪ್ಟನ್ ಕೋರ್ಟ್ ಅರಮನೆಯ ಗಡಿಯಾರ ಒಳ್ಳೆಯ ಸಾಕ್ಷಿ. ಎಂಟನೆಯ ಹೆನ್ರಿಗಾಗಿ 1540ರಲ್ಲಿ ಕೂರಿಸಿದ ಅದು ಚಂದ್ರನ ಕಲೆಯನ್ನೂ ಅಮಾವಾಸ್ಯೆಯಿಂದ ಎಷ್ಟು ದಿನ ಕಳೆಯಿತು ಎಂಬುದನ್ನೂ ತೋರಿಸುತ್ತದೆ. ಅದರಿಂದ ಲಂಡನ್ ಸೇತುವೆಯ ಬಳಿ ಥೇಮ್ಸ್ ನದಿಗೆ ಉಬ್ಬರ ಏರುವ ಹೊತ್ತನ್ನು ಲೆಕ್ಕ ಹಾಕಬಹುದಿತ್ತು. ಅರಸನ ಓಡಾಟ ದೋಣಿಯಲ್ಲಿ, ಥೇಮ್ಸ್ ಅಲ್ಲಿ ಸಮುದ್ರದೊಂದಿಗೆ ಏರಿಳಿಯುವ ನದಿ, ಹಳೆಯ ಲಂಡನ್ ಸೇತುವೆಯ ಇಕ್ಕಟ್ಟಾದ ಕಮಾನುಗಳ ಕೆಳಗೆ ತಪ್ಪು ಹೊತ್ತಿನಲ್ಲಿ ದೋಣಿ ನುಗ್ಗಿಸುವುದು ಪ್ರಾಣಕ್ಕೇ ಕುತ್ತು. ಹದಿನೆಂಟನೆಯ ಶತಮಾನದ ಹೊತ್ತಿಗೆ ಇದೇ ಚಂದ್ರ ಇಂಗ್ಲೆಂಡಿನ ಮನೆಮನೆಯ ಆಳೆತ್ತರದ ಗಡಿಯಾರಗಳಿಗೆ ಇಳಿದ. ಡಯಲಿನ ನೆತ್ತಿಯ ಕಮಾನಿನಲ್ಲಿ ಅವನಿಗೆ ಜಾಗ, ಅನೇಕವುಗಳಲ್ಲಿ ಬ್ರಿಸ್ಟಲ್‌ನಂಥ ಬಂದರಿನ ಉಬ್ಬರದ ಹೊತ್ತೂ ಬರೆದಿರುತ್ತಿತ್ತು. ಅವುಗಳ ಬಿಲ್ಲೆಗೆ ಸಾಮಾನ್ಯವಾಗಿ 118 ಹಲ್ಲು, ದಿನಕ್ಕೆ ಎರಡು ಹಲ್ಲು ಮುಂದಕ್ಕೆ. ಲೆಕ್ಕ ಮತ್ತದೇ ಐವತ್ತೊಂಬತ್ತು.

ಬಂದರಿನಿಂದ ದೂರ ಇದ್ದವರಿಗೂ ಚಂದ್ರ ಬೇಕಿತ್ತು, ಬೆಳಕಿಗಾಗಿ. ಬರ್ಮಿಂಗ್‌ಹ್ಯಾಮ್‌ನಲ್ಲಿ ಆ ಶತಮಾನದ ಉತ್ತರಾರ್ಧದಲ್ಲಿ ಲೂನಾರ್ ಸೊಸೈಟಿ ಎಂಬ ಗೆಳೆಯರ ಬಳಗವಿತ್ತು. ಉಗಿಯಂತ್ರದ ಜೇಮ್ಸ್ ವ್ಯಾಟ್, ಅವನ ಪಾಲುದಾರ ಮ್ಯಾಥ್ಯೂ ಬೌಲ್ಟನ್, ಆಮ್ಲಜನಕವನ್ನು ಬೇರ್ಪಡಿಸಿದ ಜೋಸೆಫ್ ಪ್ರೀಸ್ಟ್ಲಿ, ಚಾರ್ಲ್ಸ್ ಡಾರ್ವಿನ್ನನ ತಾತ ಎರಾಸ್ಮಸ್ ಡಾರ್ವಿನ್ ಎಲ್ಲ ಅದರ ಸದಸ್ಯರು. ಹುಣ್ಣಿಮೆಗೆ ಹತ್ತಿರದ ಸೋಮವಾರ ಸೇರಿ ಊಟ ಮಾಡಿ, ವಿಜ್ಞಾನ ಹರಟಿ, ರಾತ್ರಿ ಬೆಳದಿಂಗಳಿನಲ್ಲಿ ಕುದುರೆಯ ಮೇಲೆ ಮನೆಗೆ ಮರಳುತ್ತಿದ್ದರು. ದಿನದ ಆಯ್ಕೆಯ ಹಿಂದೆ ಕಾವ್ಯವೇನೂ ಇರಲಿಲ್ಲ, ರಸ್ತೆಗೆ ದೀಪ ಇರಲಿಲ್ಲ, ಅಷ್ಟೆ. ಬಳಗದ ಇನ್ನೊಬ್ಬ ಸದಸ್ಯ ಡರ್ಬಿ ಊರಿನ ಜಾನ್ ವೈಟ್‌ಹರ್ಸ್ಟ್, ವೃತ್ತಿಯಿಂದ ಗಡಿಯಾರ ಮಾಡುವವನು. ಈ ಜನ ಚಂದ್ರನನ್ನು ಬಳಸುತ್ತಿದ್ದ ರೀತಿಯನ್ನು ಗಮನಿಸಬೇಕು. ಹುಣ್ಣಿಮೆಯ ಗಳಿಗೆ ಯಾವುದು ಎಂದು ಅವರು ಕೇಳಲಿಲ್ಲ. ಹುಣ್ಣಿಮೆಗೆ ಹತ್ತಿರದ ಸೋಮವಾರ ಎಂದರೆ ಮೂರು ದಿನ ಹಿಂದುಮುಂದಾದರೂ ನಡೆಯುತ್ತಿತ್ತು. ಅವರ ವಿಜ್ಞಾನಪ್ರಜ್ಞೆ ಇವತ್ತಿನ ಯಾವ ವಾಚು ಸಂಗ್ರಾಹಕನದಕ್ಕಿಂತಲೂ ಕಡಿಮೆಯದಲ್ಲ, ಆದರೂ ಅವರಿಗೆ ಆ ಸಡಿಲ ಲೆಕ್ಕ ಸಾಕಾಗಿತ್ತು.

ಲಂಡನ್ನಿನ ಪಾಲ್‌ಮಾಲ್ ಬೀದಿಯಲ್ಲಿ 1807ರಲ್ಲಿ ಗ್ಯಾಸ್ ದೀಪ ಹೊತ್ತಿಸಿ ತೋರಿಸಿದರು. ಶಿವನಸಮುದ್ರದ ವಿದ್ಯುತ್ತಿನಿಂದ ಬೆಂಗಳೂರಿನ ಬೀದಿಗಳು ಬೆಳಗಿದ್ದು 1905ರಲ್ಲಿ. ಈ ಎರಡು ವರ್ಷಗಳ ನಡುವೆ ನಗರದ ಮನುಷ್ಯನಿಗೆ ಚಂದ್ರನ ಹಂಗು ತಪ್ಪುತ್ತ ಬಂತು. ವಿಚಿತ್ರವೆಂದರೆ, ಚಂದ್ರ ಮಣಿಕಟ್ಟಿಗೆ ಏರಿದ್ದು ಆಮೇಲೆಯೇ. ಜಿನೀವಾದ ಪಟೇಕ್ ಫಿಲಿಪ್ ಕಂಪನಿ 1898ರಲ್ಲಿ ಹೆಂಗಸರ ಪದಕಕ್ಕೆಂದು ತಯಾರಿಸಿದ ಒಂದು ಯಂತ್ರ ಮಾರಾಟವಾಗದೆ ಉಳಿದಿತ್ತು. ಅದನ್ನೇ 1925ರಲ್ಲಿ ಕೈಗಡಿಯಾರದ ಕವಚಕ್ಕೆ ಹಾಕಿದರು. ಅಧಿಕ ವರ್ಷವನ್ನೂ ತಾನೇ ನೋಡಿಕೊಳ್ಳುವ ಕ್ಯಾಲೆಂಡರಿನ ಮೊದಲ ಕೈಗಡಿಯಾರ ಎಂದು ಅದಕ್ಕೆ ಹೆಸರು. ಅದರಲ್ಲಿ ಚಂದ್ರನೂ ಇದ್ದ. ನಲವತ್ತು ಐವತ್ತರ ದಶಕಗಳಲ್ಲಿ ವಾರ, ತಾರೀಕು, ತಿಂಗಳು, ಚಂದ್ರ ನಾಲ್ಕೂ ಇರುವ ಕೈಗಡಿಯಾರಗಳು ಫ್ಯಾಷನ್ ಆದವು. ವಿಯೆಟ್ನಾಮಿನ ಕೊನೆಯ ಚಕ್ರವರ್ತಿ ಬಾವೊ ದಾಯ್ 1954ರಲ್ಲಿ ಜಿನೀವಾದಲ್ಲಿ ಕೊಂಡ ರೋಲೆಕ್ಸ್ ಅಂಥದ್ದು. ಅವನ ದೇಶದ ಹಣೆಬರಹ ಆ ವರ್ಷ ಅದೇ ಊರಿನ ಸಮ್ಮೇಳನದಲ್ಲಿ ತೀರ್ಮಾನವಾಗುತ್ತಿತ್ತು. 2017ರ ಹರಾಜಿನಲ್ಲಿ ಆ ವಾಚಿಗೆ 50 ಲಕ್ಷ ಸ್ವಿಸ್ ಫ್ರಾಂಕಿಗೂ ಹೆಚ್ಚು ಬೆಲೆ ಬಂತು. ಶೋಕಿ ಎನ್ನುವವರ ಆಕ್ಷೇಪಕ್ಕೆ ಆಧಾರವಿಲ್ಲದೆ ಇಲ್ಲ. ಮುಂದೆ 1969ರ ಕ್ರಿಸ್‌ಮಸ್ ದಿನ ಜಪಾನಿನ ಸೀಕೋ ಕಂಪನಿ ಕ್ವಾರ್ಟ್ಸ್ ವಾಚು ಮಾರುಕಟ್ಟೆಗೆ ಬಿಟ್ಟಿತು. ಕೀ ಕೊಡುವ ವಾಚುಗಳ ಕಥೆ ಮುಗಿಯಿತು ಎಂದೇ ಎಲ್ಲರೂ ತಿಳಿದರು. ಆಗ, 1983ರಲ್ಲಿ, ಬ್ಲಾಂಪೇನ್ ಎಂಬ ಹಳೆಯ ಹೆಸರನ್ನು ಕೊಂಡುಕೊಂಡಿದ್ದವರು ಮತ್ತೆ ಜನರ ಮುಂದಿಟ್ಟದ್ದು ಇದೇ ಚಂದ್ರನ ಮುಖವನ್ನು. ನಿಖರತೆಯಲ್ಲಿ ಕ್ವಾರ್ಟ್ಸನ್ನು ಗೆಲ್ಲಲಾಗದು ಎಂದು ತಿಳಿದವರು ನೋಟದ ಮೋಹವನ್ನು ಮುಂದೆ ಮಾಡಿದರು. ಗೆದ್ದರೂ ಗೆದ್ದರು.

ಅಲ್ಲಿಗೆ ನಿಂತಿದ್ದರೆ ಚೆನ್ನಾಗಿತ್ತು. ಆದರೆ ನೋಟಕ್ಕೆ ದುಡ್ಡು ಕೇಳುವಾಗ ಲೆಕ್ಕದ ಸಮರ್ಥನೆಯೂ ಬೇಕಾಗುತ್ತದೆ ಎಂದು ಕಾಣುತ್ತದೆ. 59ರ ಬದಲು 135 ಹಲ್ಲಿನ ಗಾಲಿ ಹೂಡಿ, 122 ವರ್ಷಕ್ಕೆ ಒಂದು ದಿನದ ತಪ್ಪಿಗೆ ಇಳಿಸಿದರು. ಆಮೇಲೆ ಒಬ್ಬರು 577 ವರ್ಷ ಎಂದರು, ಇನ್ನೊಬ್ಬರು 1058 ಎಂದರು. ಆಂಡ್ರಿಯಾಸ್ ಸ್ಟ್ರೇಲರ್ ಎಂಬ ಸ್ವಿಸ್ ಕುಶಲಕರ್ಮಿ 2014ರಲ್ಲಿ 20 ಲಕ್ಷ ವರ್ಷ ದಾಟಿದ. 2024ರಲ್ಲಿ ಐಡಬ್ಲ್ಯೂಸಿ ಕಂಪನಿ ನಾಲ್ಕೂವರೆ ಕೋಟಿ ವರ್ಷಕ್ಕೆ ಒಂದು ದಿನ ಎಂದು ಘೋಷಿಸಿತು. ಗಾಲಿಗಳ ಅನುಪಾತವನ್ನು ಅಷ್ಟು ಹತ್ತಿರಕ್ಕೆ ತಂದದ್ದು ಗಣಿತದ ಚಮತ್ಕಾರ, ಅದನ್ನು ಹೀಗಳೆಯುವುದಿಲ್ಲ. ಪ್ರಶ್ನೆ ಬೇರೆ: ಅವರು ಯಾವುದಕ್ಕೆ ಹತ್ತಿರ ತಂದರು? ಸರಾಸರಿಗೆ, ಆಂಟಿಕಿಥೆರಾದ ಕುಶಲಕರ್ಮಿ ಎರಡು ಸಾವಿರ ವರ್ಷದ ಹಿಂದೆಯೇ ದಾಟಿದ್ದ ಸರಾಸರಿಗೆ. ನಮ್ಮ ಜ್ಯೋತಿಷ್ಯಶಾಸ್ತ್ರದ ಮಾತಿನಲ್ಲಿ ಹೇಳುವುದಾದರೆ ಮಧ್ಯಮ ಚಂದ್ರನಿಗೆ. ಆಕಾಶದಲ್ಲಿರುವ ಸ್ಫುಟ ಚಂದ್ರನ ತಿಂಗಳು ಒಮ್ಮೆ ಸುಮಾರು 29 ದಿನ ಆರೂವರೆ ಗಂಟೆಯದು, ಇನ್ನೊಮ್ಮೆ ಸುಮಾರು 29 ದಿನ 20 ಗಂಟೆಯದು. ನಿಜವಾದ ಹುಣ್ಣಿಮೆ ಸರಾಸರಿ ಲೆಕ್ಕದ ಹುಣ್ಣಿಮೆಗಿಂತ ಹದಿನಾಲ್ಕು ಗಂಟೆಯವರೆಗೂ ಹಿಂದೆಮುಂದೆ ಆಗಬಹುದು. ಅಂದರೆ ನಾಲ್ಕೂವರೆ ಕೋಟಿ ವರ್ಷದ ವಾಚು ಕೊಂಡ ಮೊದಲ ವರ್ಷದಲ್ಲೇ ಅರ್ಧ ದಿನ ತಪ್ಪು ತೋರಿಸಬಹುದು. ಕೆಟ್ಟುಹೋದದ್ದಕ್ಕಲ್ಲ, ಚಂದ್ರ ಇರುವುದೇ ಹಾಗೆ.

ಸರಾಸರಿಯನ್ನು ಹಿಡಿಯುವುದೇ ದೊಡ್ಡ ಸಾಧನೆಯಾಗಿದ್ದರೆ ಅದು ಯಾವತ್ತೋ ಆಗಿಹೋಗಿದೆ. ಸೂರ್ಯಸಿದ್ಧಾಂತ ಎಂಬ ನಮ್ಮ ಹಳೆಯ ಖಗೋಳಗ್ರಂಥದಲ್ಲಿ ಒಂದು ಮಹಾಯುಗಕ್ಕೆ 157,79,17,828 ದಿನಗಳು, 5,34,33,336 ಚಾಂದ್ರಮಾಸಗಳು. ಭಾಗಿಸಿ ನೋಡಿದರೆ ಬರುವ ತಿಂಗಳ ಉದ್ದಕ್ಕೂ ಇಂದಿನ ಖಗೋಳಶಾಸ್ತ್ರದ ಲೆಕ್ಕಕ್ಕೂ ಇರುವ ಅಂತರ ಒಂದು ಸೆಕೆಂಡಿನ ಹತ್ತನೆಯ ಒಂದು ಭಾಗಕ್ಕಿಂತ ಕಡಿಮೆ. ಇಷ್ಟು ಕೈಯಲ್ಲಿದ್ದೂ ನಮ್ಮ ಪಂಚಾಂಗದವರು ಅಲ್ಲಿಗೆ ತೃಪ್ತರಾಗಲಿಲ್ಲ. ಮಧ್ಯಮ ಚಂದ್ರನಿಗೆ ಸಂಸ್ಕಾರ, ಅಂದರೆ ತಿದ್ದುಪಡಿ, ಕೊಟ್ಟು ಸ್ಫುಟ ಮಾಡಿಕೊಂಡೇ ತಿಥಿ ಗುಣಿಸಿದರು. ಸೂರ್ಯನಿಂದ ಚಂದ್ರ ಹನ್ನೆರಡು ಡಿಗ್ರಿ ದೂರ ಸರಿದರೆ ಒಂದು ತಿಥಿ. ಅವನ ವೇಗ ಬದಲಾಗುವುದರಿಂದ ಒಂದು ತಿಥಿ ಹತ್ತೊಂಬತ್ತು ಗಂಟೆಯದೂ ಆಗಬಹುದು, ಇಪ್ಪತ್ತಾರು ಗಂಟೆಯದೂ ಆಗಬಹುದು. ತಿಥಿ ಲೋಪ, ತಿಥಿ ವೃದ್ಧಿ ಬರುವುದು ಇದರಿಂದಲೇ. ಇನ್ನು ಲಕ್ಷಾಂತರ, ಕೋಟ್ಯಂತರ ವರ್ಷಗಳ ಮಾತಿಗೆ ಬುಡವೇ ಇಲ್ಲ. ಉಬ್ಬರ ಇಳಿತಗಳ ತಿಕ್ಕಾಟದಿಂದ ಭೂಮಿಯ ತಿರುಗಾಟ ನಿಧಾನವಾಗುತ್ತಿದೆ, ಚಂದ್ರ ವರ್ಷಕ್ಕೆ 3.8 ಸೆಂಟಿಮೀಟರಿನಂತೆ ದೂರ ಹೋಗುತ್ತಿದ್ದಾನೆ. ಅಪೊಲೊ ಯಾತ್ರಿಕರು ಇಟ್ಟುಬಂದ ಕನ್ನಡಿಗಳಿಗೆ ಲೇಸರ್ ಬಿಟ್ಟು ಇದನ್ನು ಅಳೆದಿದ್ದಾರೆ. ಜಾನ್ ವೆಲ್ಸ್ ಎಂಬ ಭೂವಿಜ್ಞಾನಿ 1963ರಲ್ಲಿ ಡೆವೋನಿಯನ್ ಯುಗದ ಹವಳದ ಪಳೆಯುಳಿಕೆಗಳ ಬೆಳವಣಿಗೆಯ ಗೆರೆಗಳನ್ನು ಎಣಿಸಿದಾಗ ಅಂದಿನ ವರ್ಷಕ್ಕೆ ಸುಮಾರು 400 ದಿನಗಳಿದ್ದವು ಎಂದು ತಿಳಿಯಿತು. ದಿನದ ಉದ್ದವೇ ಬದಲಾಗುವಾಗ, ತಿಂಗಳಿಗೆ ಇಂತಿಷ್ಟು ದಿನ ಎಂಬ ಅನುಪಾತವನ್ನು ಕೋಟಿ ವರ್ಷಕ್ಕೆ ಗಾಲಿಯಲ್ಲಿ ಕೊರೆದಿಡುವುದರಲ್ಲಿ ಅರ್ಥವೇನು?

ಚಿತ್ರದ ವಿಷಯಕ್ಕೆ ಬಂದರೆ ಆಕ್ಷೇಪ ಇನ್ನೂ ಗಟ್ಟಿಯಾಗಿದೆ. ಕಿಟಕಿಯ ಎರಡೂ ಬದಿಗೆ ಎರಡು ಉಬ್ಬುಗಳಿರುತ್ತವೆ, ಚಂದ್ರ ಮರೆಯಾಗುವುದು ಅವುಗಳ ಹಿಂದೆ. ಬಿದಿಗೆಯ ಚಂದ್ರನನ್ನು ಈ ಉಬ್ಬು ಚೆನ್ನಾಗಿಯೇ ಬಿಡಿಸುತ್ತದೆ, ತೆಳುವಾದ ಕೊಂಬು ಕಾಣುತ್ತದೆ. ಅಷ್ಟಮಿಗೆ ಬಂದಾಗ ತಪ್ಪು ಶುರು. ಆಕಾಶದಲ್ಲಿ ಅಷ್ಟಮಿಯ ಚಂದ್ರನ ಅಂಚು ನೆಟ್ಟಗೆ ಗೆರೆ ಎಳೆದಂತಿರುತ್ತದೆ, ವಾಚಿನಲ್ಲಿ ಒಳಕ್ಕೆ ಬಾಗಿರುತ್ತದೆ. ಏಕಾದಶಿ ದ್ವಾದಶಿಯ ಹೊತ್ತಿಗೆ ಆಕಾಶದ ಚಂದ್ರ ಎರಡೂ ಕಡೆ ಉಬ್ಬಿ ಮೊಟ್ಟೆಯಾಕಾರಕ್ಕೆ ಬಂದಿರುತ್ತಾನೆ, ವಾಚಿನ ಚಂದ್ರನನ್ನು ಮಾತ್ರ ಯಾರೋ ಕಚ್ಚಿದಂತಿರುತ್ತದೆ. ಇನ್ನೊಂದು ತಪ್ಪು ನಮ್ಮ ಊರುಗಳಿಗೆ ಸಂಬಂಧಿಸಿದ್ದು. ವಾಚಿನಲ್ಲಿರುವುದು ಯುರೋಪಿನ ಚಂದ್ರ. ಅಲ್ಲಿಯ ಅಕ್ಷಾಂಶದಲ್ಲಿ ಎಳೆಯ ಚಂದ್ರ ಬಲಗಡೆ ಬೆಳಗಿ ಹೆಚ್ಚುಕಡಿಮೆ ನಿಂತಂತೆ ಕಾಣುತ್ತಾನೆ. ಬೆಂಗಳೂರು ಇರುವುದು 13 ಡಿಗ್ರಿ ಉತ್ತರದಲ್ಲಿ. ಇಲ್ಲಿ, ಅದರಲ್ಲೂ ಯುಗಾದಿಯ ಹೊತ್ತಿಗೆ, ಹಬ್ಬದ ಸಂಜೆಗಳಲ್ಲಿ ಮಕ್ಕಳು ಮರಿಯೊಂದಿಗೆ ಮಾಳಿಗೆ ಹತ್ತಿ ಚಂದ್ರದರ್ಶನ ಮಾಡುವಾಗ ಪಡುವಣದಲ್ಲಿ ಕಾಣುವ ಚಂದ್ರ ಎರಡೂ ಕೊಂಬು ಮೇಲೆ ಮಾಡಿ ದೋಣಿಯಂತೆ ಮಲಗಿರುತ್ತಾನೆ. ಕಿಟಕಿಯ ಚಂದ್ರನಿಗೂ ಅವನಿಗೂ ಹೋಲಿಕೆಯೇ ಇರುವುದಿಲ್ಲ. ಅನೇಕ ವಾಚುಗಳ ಚಂದ್ರನಿಗೆ ಕಣ್ಣು ಮೂಗು ಬಾಯಿ ಬರೆದಿರುತ್ತಾರೆ, ಅದೂ ಅಲ್ಲಿನ ಪದ್ಧತಿಯೇ. ನಮ್ಮ ಚಂದ್ರನಲ್ಲಿ ಇರುವುದು ಮೊಲ.

ಸರಾಸರಿ ಲೆಕ್ಕ, ತಪ್ಪು ಆಕಾರ, ಬೇರೆ ಊರಿನ ಓರೆ. ಇಷ್ಟೆಲ್ಲ ಒಪ್ಪಿಕೊಂಡ ಮೇಲೂ ಇದು ಉಪಯುಕ್ತ ಎನ್ನುವುದು ಹೇಗೆ? ಉಪಯೋಗಕ್ಕೆ ಎಷ್ಟು ನಿಖರತೆ ಬೇಕು ಎಂದು ಮೊದಲು ಕೇಳಬೇಕು. ಹುಣ್ಣಿಮೆಯ ಹಿಂದಿನ ದಿನವೂ ಮರುದಿನವೂ ಚಂದ್ರಬಿಂಬದ ನೂರಕ್ಕೆ 98-99 ಭಾಗ ಬೆಳಗಿರುತ್ತದೆ, ಕಣ್ಣಿಗೆ ವ್ಯತ್ಯಾಸ ತಿಳಿಯುವುದಿಲ್ಲ. ಕೆಲವೇ ಮಿಲಿಮೀಟರ್ ಅಗಲದ ಕಿಟಕಿಯಲ್ಲಂತೂ ತಿಳಿಯುವ ಮಾತೇ ಇಲ್ಲ. ರಾತ್ರಿ ತೋಟಕ್ಕೆ ನೀರು ಬಿಡಲು ಹೊರಟವನಿಗೆ, ಬೆಟ್ಟ ಹತ್ತುವವರಿಗೆ, ನಕ್ಷತ್ರ ನೋಡಲು ಊರಾಚೆ ಹೋಗುವವರಿಗೆ ಬೇಕಾದದ್ದು ಈ ವಾರ ಬೆಳದಿಂಗಳೋ ಕತ್ತಲೆಯೋ ಎಂಬುದು. ದೊಡ್ಡ ದೂರದರ್ಶಕಗಳ ವೇಳಾಪಟ್ಟಿಯಲ್ಲೂ ಮಸುಕಾದ ಗ್ಯಾಲಕ್ಸಿಗಳ ವೀಕ್ಷಣೆಗೆ ಚಂದ್ರನಿಲ್ಲದ ರಾತ್ರಿಗಳನ್ನು ಮೀಸಲಿಡುತ್ತಾರೆ. ಒಂದು ಎಚ್ಚರಿಕೆ: ಅಷ್ಟಮಿಯ ಅರ್ಧಚಂದ್ರ ಹುಣ್ಣಿಮೆಯ ಅರ್ಧದಷ್ಟು ಬೆಳಕು ಕೊಡುತ್ತಾನೆಂದು ಭಾವಿಸಬೇಡಿ. ಅದು ಹೆಚ್ಚುಕಡಿಮೆ ಹತ್ತರಲ್ಲಿ ಒಂದು ಪಾಲು ಮಾತ್ರ. ಸಮುದ್ರದ ಲೆಕ್ಕವೂ ಇಂಥದ್ದೇ. ಅಮಾವಾಸ್ಯೆ ಹುಣ್ಣಿಮೆಗಳ ಹತ್ತಿರ ಉಬ್ಬರ ಇಳಿತ ಜೋರು, ಅಷ್ಟಮಿಗಳ ಹತ್ತಿರ ಸೌಮ್ಯ. ಮಿತ್ರಪಡೆಗಳು ನಾರ್ಮಂಡಿಗೆ ಇಳಿದ 1944ರ ಜೂನ್ 6 ಹುಣ್ಣಿಮೆಯ ದಿನ. ಪ್ಯಾರಾಚೂಟ್ ಪಡೆಗೆ ಬೆಳದಿಂಗಳು, ದೋಣಿಗಳಿಗೆ ಬೆಳಗಿನ ಜಾವದ ಇಳಿತ ಎರಡೂ ಬೇಕೆಂದು ನೋಡಿಕೊಂಡು ಗೊತ್ತುಮಾಡಿದ ದಿನಗಳಲ್ಲಿ ಅದೊಂದು.

ಮೊಬೈಲಿನಲ್ಲಿ ಇದೆಲ್ಲ ಇನ್ನೂ ಕರಾರುವಾಕ್ಕಾಗಿ ಸಿಗುವುದಿಲ್ಲವೇ, ಗೋಡೆಯ ಮೇಲೆ ಕ್ಯಾಲೆಂಡರ್ ಇಲ್ಲವೇ, ತಲೆ ಎತ್ತಿದರೆ ಚಂದ್ರನೇ ಇಲ್ಲವೇ ಎಂದು ಕೇಳಬಹುದು. ನಿಜ. ಒಂಟಿಕೊಪ್ಪಲ್ ಪಂಚಾಂಗ ಮನೆಯಲ್ಲಿರುವವರಿಗೆ ತಿಥಿಗಾಗಿ ವಾಚು ನೋಡುವ ಅಗತ್ಯವಿಲ್ಲ, ನೋಡಲೂಬಾರದು. ವ್ರತಕ್ಕೆ, ಶ್ರಾದ್ಧಕ್ಕೆ ಸ್ಫುಟ ಲೆಕ್ಕವೇ ಬೇಕು. ತಲೆ ಎತ್ತಿ ನೋಡುವ ಮಾತಿಗೆ ಮುಂಗಾರಿನ ನಾಲ್ಕು ತಿಂಗಳೇ ಉತ್ತರ: ಮಲೆನಾಡು ಕರಾವಳಿಗಳಲ್ಲಿ ವಾರಗಟ್ಟಲೆ ಚಂದ್ರ ಮೋಡದ ಮರೆಯಲ್ಲಿರುತ್ತಾನೆ. ಅದೂ ಅಲ್ಲದೆ ಕೃಷ್ಣಪಕ್ಷ ಮುಂದುವರಿದಂತೆ ಚಂದ್ರ ನಾವು ಮಲಗಿದ ಮೇಲೆ ಹುಟ್ಟುವವನು. ಮೊಬೈಲಿನ ಮಾತು ಸ್ವಲ್ಪ ಬೇರೆ. ಅಲ್ಲಿ ಚಂದ್ರನ ಬಗ್ಗೆ ತಿಳಿಯಬೇಕಾದರೆ ಹುಡುಕಬೇಕು. ಹುಡುಕಬೇಕೆಂದು ಅನಿಸುವುದು ಗ್ರಹಣವೋ ಹಬ್ಬವೋ ಬಂದಾಗ. ಕೈಗಡಿಯಾರವನ್ನು ದಿನಕ್ಕೆ ಹತ್ತಾರು ಬಾರಿ ಹೇಗೂ ನೋಡುತ್ತೇವೆ. ಕೇಳದೆಯೇ ಚಂದ್ರ ಪ್ರತಿ ಸಲವೂ ಕಣ್ಣಿಗೆ ಬೀಳುತ್ತಾನೆ, ಒಂದೆರಡು ತಿಂಗಳಲ್ಲಿ ಅವನ ಏರಿಳಿತ ತಲೆಯಲ್ಲಿ ಕೂತುಬಿಡುತ್ತದೆ. ಅಲ್ಲಿಂದ ಮುಂದೆ ಬಾಯಿಲೆಕ್ಕವೂ ಸಾಧ್ಯ. ಹುಣ್ಣಿಮೆಯ ಚಂದ್ರ ಸೂರ್ಯ ಮುಳುಗುವಾಗ ಹುಟ್ಟುತ್ತಾನೆ, ಆಮೇಲೆ ದಿನಕ್ಕೆ ಸುಮಾರು 50 ನಿಮಿಷ ತಡ. ಕಿಟಕಿಯ ನಡುವಿನಿಂದ ಚಂದ್ರ ನಾಲ್ಕು ಹಲ್ಲು ದಾಟಿದ್ದರೆ ಉದಯ ರಾತ್ರಿ ಒಂಬತ್ತೂವರೆಯ ಆಸುಪಾಸು. ಸಂಕಷ್ಟಿಯ ಉಪವಾಸದವರು ಅರ್ಘ್ಯ ಕೊಡುವುದು ಸಾಮಾನ್ಯವಾಗಿ ಅದೇ ಹೊತ್ತಿಗೆ. ರಂಜಾನ್ ಮುಗಿಯುವ ಸಂಜೆ ಯಾವ ಎರಡು ಸಂಜೆಗಳಲ್ಲಿ ಒಂದು ಎಂಬುದನ್ನೂ ಈ ಕಿಟಕಿ ಹೇಳುತ್ತದೆ, ಉಳಿದದ್ದು ಚಂದ್ರನನ್ನು ಕಂಡವರ ಸಾಕ್ಷ್ಯಕ್ಕೆ ಬಿಟ್ಟದ್ದು. ಗಣೇಶ ಚೌತಿಯ ದಿನ ಚಂದ್ರನನ್ನು ನೋಡಬಾರದೆನ್ನುವವರು ಅಂದು ವಾಚನ್ನು ಬಿಚ್ಚಿಡಬೇಕೇ ಎಂಬ ಪ್ರಶ್ನೆಯನ್ನು ಧರ್ಮಶಾಸ್ತ್ರ ಬಲ್ಲವರಿಗೆ ಬಿಡುತ್ತೇನೆ.

ಸೊಬಗಿನ ಮಾತನ್ನು ಕೊನೆಗೆ ಇಟ್ಟುಕೊಂಡೆ, ಏಕೆಂದರೆ ಅದು ಉಪಯೋಗದಿಂದ ಬೇರೆಯಲ್ಲ. ವಾಚಿನಲ್ಲಿರುವ ಗಂಟೆ ನಾವು ಮಾಡಿಕೊಂಡ ಕಟ್ಟಳೆ. ಭಾರತದ ಉದ್ದಗಲಕ್ಕೂ ಒಂದೇ ಗಂಟೆ ಎಂಬುದು ಆಡಳಿತದ ತೀರ್ಮಾನ. ತಾರೀಕು, ತಿಂಗಳು, ವಾರಗಳೂ ಅಷ್ಟೇ. ಡಯಲಿನಲ್ಲಿ ಹೊರಗೆ ಹೋಗಿ ಕಣ್ಣಾರೆ ತಾಳೆ ನೋಡಬಹುದಾದದ್ದು ಈ ಒಂದು ಕಿಟಕಿ ಮಾತ್ರ. ತಾಳೆಯಾದಾಗ ಆಗುವ ಖುಷಿಯೇ ಇದರ ಆಕರ್ಷಣೆಯ ಮುಖ್ಯ ಭಾಗ. ತಾಳೆ ತಪ್ಪಿದರೂ ನಷ್ಟವಿಲ್ಲ, ಎರಡೂವರೆ ವರ್ಷಕ್ಕೊಮ್ಮೆ ತಿದ್ದಲು ಆಕಾಶ ನೋಡಲೇಬೇಕಾಗುತ್ತದೆ. 59 ಹಲ್ಲಿನ ಗಾಲಿಯ ಈ ಕೊರತೆಯನ್ನು ನಾನು ಅದರ ಪರವಾಗಿಯೇ ಎಣಿಸುತ್ತೇನೆ.

ಕೊಳ್ಳುವ ಮನಸ್ಸಿರುವವರಿಗೆ ಒಂದೆರಡು ಮಾತು. ಸೂರ್ಯ ಮತ್ತು ಚಂದ್ರ ಇಬ್ಬರ ಚಿತ್ರವೂ ಇರುವ ಕಿಟಕಿ ಸಾಮಾನ್ಯವಾಗಿ ಚಂದ್ರಕಲೆ ತೋರಿಸುವುದಿಲ್ಲ. ಅದು 24 ಗಂಟೆಗೆ ಒಂದು ಸುತ್ತು ಬಂದು ಹಗಲು ರಾತ್ರಿ ತೋರಿಸುವಂಥದ್ದು. ಓರಿಯೆಂಟ್ ಕಂಪನಿಯ ‘ಸನ್ ಅಂಡ್ ಮೂನ್’ ಮಾದರಿ ಹೀಗೆಯೇ. ಅಂಗಡಿಯಲ್ಲೇ ಗಂಟೆ ಮುಳ್ಳು ಎರಡು ಸುತ್ತು ಬರುವಂತೆ ತಿರುಗಿಸಿ ನೋಡಿ. ಅಷ್ಟರೊಳಗೆ ಚಂದ್ರ ಮಾಯವಾಗಿ ಸೂರ್ಯ ಬಂದರೆ ಅದು ಮೂನ್‌ಫೇಸ್ ಅಲ್ಲ. 59 ಹಲ್ಲಿನ ಸಾದಾ ಮೂನ್‌ಫೇಸ್ ಸಾಕು, 122 ವರ್ಷದ್ದಕ್ಕೆ ಹೆಚ್ಚು ಹಣ ಕೊಡುವ ಅಗತ್ಯವಿಲ್ಲ, ಕೋಟಿ ವರ್ಷದ್ದಕ್ಕಂತೂ ಬೇಡವೇ ಬೇಡ. ಹೊಂದಿಸುವುದು ಹುಣ್ಣಿಮೆಯ ದಿನ, ಹಗಲಿನಲ್ಲಿ. ರಾತ್ರಿ ಒಂಬತ್ತರಿಂದ ಬೆಳಗಿನ ಮೂರರವರೆಗೆ ಅನೇಕ ವಾಚುಗಳಲ್ಲಿ ಒಳಗಿನ ಕೊಕ್ಕೆ ಹಲ್ಲಿಗೆ ಸಿಕ್ಕಿಕೊಂಡಿರುತ್ತದೆ, ಆಗ ಗುಂಡಿ ಒತ್ತಿದರೆ ಹಲ್ಲು ಮುರಿಯಬಹುದು. ಕಬ್ಬಿಣದ ಪಿನ್ನು ಬೇಡ, ಮೊಂಡಾದ ಮರದ ಕಡ್ಡಿಯಿಂದ ಒತ್ತುತ್ತ ಚಂದ್ರನನ್ನು ಕಿಟಕಿಯ ನಡುವಿಗೆ ತನ್ನಿ. ಮುಂದಿನ ಎರಡೂವರೆ ವರ್ಷ ಅವನನ್ನು ಮುಟ್ಟಬೇಕಾಗಿಲ್ಲ.